ಮಹಿಳಾ ನಿಲಯದಿಂದ ಸ್ವಂತ ದುಡಿಮೆಯ ಕಡೆಗೆ: ಜೊತೆ ನಿಲ್ಲುವವರಿಗೊಂದು ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ: ‘ನಿಲಯದಲ್ಲಿರುವ ಒಬ್ಬ ಹೆಣ್ಣುಮಗಳು ನಮಗೆ ಪರಿಚಯ. ಆಕೆ ದುಡಿದು ತನ್ನ ಕಾಲ ಮೇಲೆ ನಿಲ್ಲುವಂತಾಗಬೇಕು. ಎಲ್ಲಿಂದ ಶುರು ಮಾಡೋಣ?’ ಹೀಗೆ ಕೇಳುವವರಲ್ಲಿ ಆಕೆಯ ಒಡಹುಟ್ಟಿದವರಿದ್ದಾರೆ, ನಿಲಯಕ್ಕೆ ಹೊಲಿಗೆ ಕಲಿಸಲು ಹೋಗುವ ಶಿಕ್ಷಕಿಯರಿದ್ದಾರೆ, ಮಹಿಳಾ ಮಂಡಲದ ಸದಸ್ಯೆಯರಿದ್ದಾರೆ, ಕೆಲವೊಮ್ಮೆ ನಿಲಯದ ಸಿಬ್ಬಂದಿಯೇ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಮೊದಲು ಕೆಲಸ ಹುಡುಕಲು ಹೊರಡುತ್ತಾರೆ. ಆಳು ಸಿಗುವುದಿಲ್ಲವೆಂಬ ದೂರು ಮನೆಮನೆಯಲ್ಲೂ ಕೇಳುವ ಮಲೆನಾಡಿನಲ್ಲಿ ಕೆಲಸ ಸಿಗುವುದು ಅಷ್ಟು ಕಷ್ಟವಲ್ಲ. ಸಿಕ್ಕ ಕೆಲಸವನ್ನು ಆಕೆ ತಿಂಗಳೊಳಗೆ ಬಿಟ್ಟು ಬರುವಂತಾಗುವುದು, ಇಲ್ಲವೇ ನಿಲಯದ ಆಶ್ರಯ ಬಿಟ್ಟು ಇನ್ನಾರದೋ ಮನೆಯ ಆಶ್ರಿತಳಾಗಿ ಉಳಿದುಬಿಡುವುದು, ಇವೆರಡೇ ನಿಜವಾದ ತೊಡಕುಗಳು. ಇವನ್ನು ತಪ್ಪಿಸುವ ಸಿದ್ಧತೆಗಳು ಮುಂಚೆಯೇ ಆಗಬೇಕಾದ್ದರಿಂದ ಕೆಲಸ ಹುಡುಕುವ ಮಾತು ಇಲ್ಲಿ ಐದನೇ ಹಂತದಲ್ಲಿ ಬರುತ್ತದೆ.

ಮೊದಲು ಕೆಲವು ಹೆಸರುಗಳನ್ನು ತಿಳಿದುಕೊಳ್ಳಿ. ರಾಜ್ಯ ಮಹಿಳಾ ನಿಲಯವೆಂದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ತಾನೇ ನಡೆಸುವ ಆಶ್ರಯ ಸಂಸ್ಥೆ. ಹಿಂದೆ ಸ್ವಾಧಾರ ಗೃಹ ಮತ್ತು ಉಜ್ವಲಾ ಕೇಂದ್ರ ಎಂದು ಬೇರೆ ಬೇರೆಯಾಗಿದ್ದವುಗಳು 2022ರ ಮಿಷನ್ ಶಕ್ತಿ ಮಾರ್ಗಸೂಚಿಯ ನಂತರ ಒಂದಾಗಿ ‘ಶಕ್ತಿ ಸದನ’ ಎನಿಸಿಕೊಂಡಿವೆ. ಸಖಿ ಒನ್ ಸ್ಟಾಪ್ ಸೆಂಟರ್ ಎಂಬುದು ಹಿಂಸೆಗೊಳಗಾದ ಮಹಿಳೆಗೆ ತುರ್ತು ನೆರವು ನೀಡುವ ಕೇಂದ್ರ; ಅಲ್ಲಿನ ತಂಗುವಿಕೆ ಸಾಮಾನ್ಯವಾಗಿ ಐದು ದಿನಗಳಿಗೆ ಸೀಮಿತ. ಸಖಿ ನಿವಾಸ ಎಂದರೆ ದುಡಿಯುವ ಮಹಿಳೆಯರ ವಸತಿ ನಿಲಯ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

1. ಆಕೆ ಅಲ್ಲಿ ಯಾವ ಆಧಾರದ ಮೇಲಿದ್ದಾಳೆ ಎಂದು ತಿಳಿಯಿರಿ

ತಾನಾಗಿ ಬಂದು ಸೇರಿದ ವಯಸ್ಕ ಮಹಿಳೆಯ ಸ್ಥಿತಿ ಒಂದು, ನ್ಯಾಯಾಲಯದ ಆದೇಶದಿಂದ ಬಂದವಳ ಸ್ಥಿತಿ ಇನ್ನೊಂದು. ಮೊದಲಿನವಳು ತನ್ನ ಇಚ್ಛೆಯಿಂದ ಲಿಖಿತ ಅರ್ಜಿ ಕೊಟ್ಟು ಹೊರಗೆ ಕೆಲಸಕ್ಕೆ ಹೋಗಬಹುದು, ಬಿಡುಗಡೆಯನ್ನೂ ಕೇಳಬಹುದು. ಎರಡನೆಯವಳ ವಿಷಯದಲ್ಲಿ, ಉದಾಹರಣೆಗೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ರಕ್ಷಣೆಗೆ ಒಪ್ಪಿಸಿದ್ದರೆ, ಅದೇ ನ್ಯಾಯಾಲಯದ ಅನುಮತಿಯಿಲ್ಲದೆ ಮುಂದಡಿ ಇಡುವಂತಿಲ್ಲ. ಇಂಥಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಪಡೆಯಿರಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ದೊರೆಯುತ್ತಾರೆ, ಸಹಾಯವಾಣಿ 15100.

ಮಾನಸಿಕ ಕಾಯಿಲೆಯ ಚಿಕಿತ್ಸೆಗೆಂದು ಸೇರಿ, ಗುಣವಾದ ಮೇಲೂ ಮನೆಯವರು ಕರೆದೊಯ್ಯದೆ ಅಲ್ಲೇ ಉಳಿದವರೂ ಇದ್ದಾರೆ. ಕುಟುಂಬ ಒಪ್ಪುತ್ತಿಲ್ಲ, ಬೇರೆ ಸೂರಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಟ್ಟುಕೊಳ್ಳುವಂತಿಲ್ಲವೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಈ ಮಾತನ್ನು ಜಗಳಕ್ಕೆ ಬಳಸಬೇಡಿ. ನಿಲಯದ ಮುಖ್ಯಸ್ಥೆಯಾದ ಅಧೀಕ್ಷಕಿಯವರ ಜೊತೆ ಕೂತು ಮಾತನಾಡುವಾಗ ನೆನಪಿನಲ್ಲಿದ್ದರೆ ಸಾಕು. ನಿಲಯದ ಸಿಬ್ಬಂದಿಯನ್ನು ಎದುರು ಹಾಕಿಕೊಂಡು ಈ ಕೆಲಸ ಮಾಡಲಾಗುವುದಿಲ್ಲ, ಏಕೆಂದರೆ ಮುಂದಿನ ಪ್ರತಿ ಹಂತದಲ್ಲೂ ಒಂದು ಸಹಿ, ಒಂದು ಪ್ರಮಾಣಪತ್ರ, ಗೇಟಿನ ಹೊತ್ತಿನಲ್ಲಿ ಒಂದಿಷ್ಟು ಸಡಿಲಿಕೆ ಅವರಿಂದಲೇ ಬರಬೇಕು.

2. ಆಕೆಯ ಮಾತು ಕೇಳಿ

‘ನೀನೇನು ಮಾಡಬೇಕು ಅಂತಿದ್ದೀಯಮ್ಮಾ?’ ಎಂದು ಕೇಳಿದರೆ ‘ನೀವು ಹೇಳಿದ್ದು ಮಾಡ್ತೀನಿ ಅಕ್ಕಾ’ ಎಂಬ ಉತ್ತರ ಬರುವುದೇ ಹೆಚ್ಚು. ಇದನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಎದ್ದೇಳುವ ಹೊತ್ತು, ಉಣ್ಣುವ ಹೊತ್ತು, ಉಡುವ ಸೀರೆ ಎಲ್ಲವನ್ನೂ ವರ್ಷಗಟ್ಟಲೆ ಬೇರೆಯವರು ಗೊತ್ತುಮಾಡಿದ ಮೇಲೆ ಆಯ್ಕೆ ಮಾಡುವ ರೂಢಿಯೇ ತಪ್ಪಿಹೋಗಿರುತ್ತದೆ. ದೊಡ್ಡ ಪ್ರಶ್ನೆಯನ್ನು ಒಡೆದು ಚಿಕ್ಕದಾಗಿ ಕೇಳಿ: ಜನರ ನಡುವೆ ಇರುವುದು ಇಷ್ಟವೋ ಒಬ್ಬಳೇ ಕೂತು ಮಾಡುವುದು ಇಷ್ಟವೋ, ಗಂಡಸರಿರುವ ಕಡೆ ಭಯವೋ, ಮೊದಲು ಯಾವ ಕೆಲಸ ಮಾಡಿ ಗೊತ್ತು, ತನ್ನ ಊರಿನವರು ಕಣ್ಣಿಗೆ ಬೀಳುವ ಜಾಗ ಬೇಡವೋ. ಕೊನೆಯ ಪ್ರಶ್ನೆ ನಮ್ಮ ಕಡೆ ಬಹಳ ಮುಖ್ಯವಾದುದು. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಪರಿಚಯದವರೊಬ್ಬರು ಎದುರಾಗುವ ಸೀಮೆ ಇದು.

ಆಕೆಯ ಹಿಂದಿನ ಕಥೆಯನ್ನು ಕೆಲಸ ಕೊಡುವವರ ಮುಂದೆ ಹೇಳಬೇಡಿ. ‘ಪಾಪ, ಬಹಳ ಕಷ್ಟಪಟ್ಟವಳು’ ಎಂಬ ಶಿಫಾರಸು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಆದರೆ ಮರುದಿನದಿಂದ ಅದೇ ಆಕೆಯ ಗುರುತಾಗುತ್ತದೆ. ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದಂತೂ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಶಿಕ್ಷಾರ್ಹ.

3. ಕಾಗದಪತ್ರ ಮತ್ತು ಬ್ಯಾಂಕ್ ಖಾತೆ

ಈ ಹಂತಕ್ಕೆ ವಾರಗಳೇ ಹಿಡಿಯುವುದರಿಂದ ಬೇಗ ಕೈಹಾಕಿ. ಆಧಾರ್ ಇಲ್ಲದವರಿಗೆ, ಮಾನ್ಯತೆ ಪಡೆದ ಆಶ್ರಯ ಸಂಸ್ಥೆಯ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವೇ ಗುರುತು ಮತ್ತು ವಿಳಾಸ ಎರಡಕ್ಕೂ ದಾಖಲೆಯಾಗುತ್ತದೆ. ಹಿಂದೆಂದೋ ಮಾಡಿಸಿದ್ದ ಆಧಾರ್ ಗಂಡನ ಮನೆಯಲ್ಲೇ ಉಳಿದಿದ್ದರೆ ಹೊಸದಕ್ಕೆ ಅರ್ಜಿ ಹಾಕಬೇಡಿ. ಬೆರಳಚ್ಚು ಮೊದಲಿನದಕ್ಕೆ ತಾಳೆಯಾಗಿ ಹೊಸ ಅರ್ಜಿ ತಿರಸ್ಕೃತವಾಗುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹಳೆಯದನ್ನೇ ಹುಡುಕಿಸಿ.

ಈ ಹಂತದ ಅತಿ ಸಾಮಾನ್ಯ ತಪ್ಪು ಮೊಬೈಲ್ ಸಂಖ್ಯೆಯದು. ಆಕೆಗೆ ಫೋನ್ ಇಲ್ಲವೆಂದು ಆಧಾರ್‌ಗೂ ಬ್ಯಾಂಕಿಗೂ ಸಿಬ್ಬಂದಿಯ ಅಥವಾ ನಿಮ್ಮ ಸಂಖ್ಯೆಯನ್ನೇ ಬರೆಸಿಬಿಡುತ್ತೀರಿ. ಮುಂದೆ ಆ ಸಿಬ್ಬಂದಿಗೆ ವರ್ಗವಾದಾಗ ಒಟಿಪಿ ಚಿಕ್ಕಮಗಳೂರಿನಲ್ಲೋ ಹಾವೇರಿಯಲ್ಲೋ ಇರುವ ಫೋನಿಗೆ ಹೋಗುತ್ತದೆ, ಆಕೆ ತನ್ನದೇ ಹಣಕ್ಕಾಗಿ ಬ್ಯಾಂಕಿಗೆ ಅಲೆಯಬೇಕಾಗುತ್ತದೆ. ಕೀಪ್ಯಾಡ್ ಫೋನಾದರೂ ಸರಿ, ಆಕೆಯ ಹೆಸರಿನಲ್ಲೇ ಒಂದು ಸಿಮ್ ಕೊಡಿಸಿ ಆಮೇಲೆ ಖಾತೆ ತೆರೆಸಿ.

ಜನ್ ಧನ್ ಖಾತೆಗೆ ಕನಿಷ್ಠ ಠೇವಣಿ ಬೇಕಿಲ್ಲ, ರುಪೇ ಕಾರ್ಡೂ ಬರುತ್ತದೆ. ಖಾತೆ ಆಕೆಯೊಬ್ಬಳ ಹೆಸರಿನಲ್ಲಿರಲಿ. ಅಣ್ಣನೊಂದಿಗೆ, ಸಂಸ್ಥೆಯೊಂದಿಗೆ ಜಂಟಿ ಖಾತೆ ಬೇಡ. ಹೆಬ್ಬೆಟ್ಟಿನವರಿಗೆ ಎಟಿಎಂ ಕಾರ್ಡ್ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಹಾಗಾಗಿ ಖಾತೆ ತೆರೆಯುವ ಮೊದಲೇ ಸಹಿ ಕಲಿಸಿ. ಪಾಸ್‌ಬುಕ್ಕು ಕಚೇರಿಯ ಬೀರುವಿನಲ್ಲಿ ‘ಸುರಕ್ಷಿತವಾಗಿ’ ಇರುವುದು ನಿಲಯಗಳ ಹಳೆಯ ರೂಢಿ. ಆಕೆಯ ಟ್ರಂಕಿಗೆ ಒಂದು ಬೀಗ ಕೊಡಿಸಿದರೆ ಆ ರೂಢಿಯ ಅಗತ್ಯವೇ ಉಳಿಯುವುದಿಲ್ಲ.

ಪಡಿತರ ಚೀಟಿಯಲ್ಲಿ ಇನ್ನೊಂದು ತೊಡಕಿದೆ. ಗಂಡನ ಮನೆಯ ಚೀಟಿಯಿಂದ ಹೆಸರು ತೆಗೆಸದೆ ಹೊಸ ಚೀಟಿ ಆಗುವುದಿಲ್ಲ, ಸ್ವಂತ ಚೀಟಿ ಇಲ್ಲದಿದ್ದರೆ ಗೃಹಲಕ್ಷ್ಮಿಯ ಮಾಸಿಕ 2000 ರೂಪಾಯಿಗೂ ದಾರಿಯಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ, ಅಂಗವೈಕಲ್ಯವಿದ್ದರೆ ಅದರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಜಿಲ್ಲಾ ಮಟ್ಟದ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮೂಲಕ ಮಾಡಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಸೌಲಭ್ಯಗಳಲ್ಲಿ ಹೆಚ್ಚಿನವಕ್ಕೆ ಶೇ. 40ರಷ್ಟಾದರೂ ಅಂಗವೈಕಲ್ಯ ದಾಖಲಾಗಿರಬೇಕು.

4. ಆರೋಗ್ಯ ಮತ್ತು ಔಷಧಿ

ಔಷಧಿ ಸೇವಿಸುತ್ತಿರುವವರ ವಿಷಯದಲ್ಲಿ ಕೆಲಸದ ಮಾತಿಗೆ ಮೊದಲು ಮನೋವೈದ್ಯರನ್ನು ಕಾಣಿರಿ. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿಕೊಳ್ಳಿ. ಕೇಳಬೇಕಾದದ್ದು ಇಷ್ಟು: ರಾತ್ರಿಯ ಮಾತ್ರೆಯಿಂದ ಬೆಳಿಗ್ಗೆ ಮಂಪರು ಉಳಿಯುತ್ತದೆಯೇ, ಹೊತ್ತು ಬದಲಿಸಬಹುದೇ, ಕೈನಡುಕ ಇದ್ದರೆ ಹೊಲಿಗೆ ಯಂತ್ರದ ಮುಂದೆ ಕೂರಬಹುದೇ. ಕೆಲಸ ಸಿಕ್ಕ ಖುಷಿಯಲ್ಲಿ ‘ಇನ್ನು ಮಾತ್ರೆ ಬೇಡ’ ಎಂದು ತಾವೇ ನಿಲ್ಲಿಸುವುದು ಪದೇ ಪದೇ ಕಂಡುಬರುವ ಅಪಾಯ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಉಚಿತ ಸಂಖ್ಯೆ 14416; ಕನ್ನಡದಲ್ಲೇ ಮಾತನಾಡಬಹುದು.

5. ಕೆಲಸದ ಆಯ್ಕೆ

ಮಲೆನಾಡಿನಲ್ಲಿ ಮೊದಲು ಬರುವ ಕರೆ ಬಹುಪಾಲು ಒಂದೇ ಬಗೆಯದು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ, ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ, ‘ಮನೆಯವಳ ಹಾಗೆ ನೋಡಿಕೊಳ್ಳುತ್ತೇವೆ, ಊಟ, ಬಟ್ಟೆ, ಇರಲು ಕೋಣೆ ಎಲ್ಲ ಕೊಡುತ್ತೇವೆ’. ಕೇಳುವವರು ಸಜ್ಜನರೇ ಇರಬಹುದು, ಅವರ ಕಷ್ಟವೂ ನಿಜ. ಆದರೂ ನಿಲಯದಿಂದ ನೇರವಾಗಿ ಇಂಥ ಮನೆಗೆ ಕಳಿಸುವುದನ್ನು ನಾನು ಬೇಡವೆಂದೇ ಹೇಳುತ್ತೇನೆ. ರಸ್ತೆಯಿಂದ ಒಳಗಿರುವ ಒಂಟಿ ಮನೆ, ಮಳೆಗಾಲದಲ್ಲಿ ಕೈಕೊಡುವ ಕರೆಂಟು ಮತ್ತು ನೆಟ್‌ವರ್ಕು, ರಾತ್ರಿ ಹಗಲೆನ್ನದ ಆರೈಕೆ, ರಜೆ ಎಂದರೇನೆಂದೇ ಗೊತ್ತುಮಾಡಿಲ್ಲದ ಒಪ್ಪಂದ. ಆ ಹಿರಿಯರು ತೀರಿಕೊಂಡ ದಿನ ಆಕೆಯ ಕೆಲಸ, ಸೂರು ಎರಡೂ ಒಟ್ಟಿಗೇ ಹೋಗುತ್ತವೆ. ಆಕೆಗೆ ಹಿರಿಯರ ಆರೈಕೆಯೇ ಇಷ್ಟವಾದರೆ ಪೇಟೆಯಲ್ಲಿ ಹಗಲು ಹೊತ್ತಿನ ಕೆಲಸ ನೋಡಿ. ಹೋಗಲೇಬೇಕಾದರೆ ಸಂಬಳ, ವಾರದ ರಜೆ, ನಿದ್ರೆಯ ಹೊತ್ತು, ಒಳಚಿಲಕವಿರುವ ಕೋಣೆ, ಫೋನು, ಇಷ್ಟನ್ನಾದರೂ ಬರೆಸಿಕೊಳ್ಳಿ, ಮತ್ತು ಹಣ ಖಾತೆಗೇ ಬರಲಿ.

ಮದುವೆಯ ಮಾತೂ ಇದೇ ಹೊತ್ತಿಗೆ ಬರುತ್ತದೆ. ಹೆಣ್ಣು ಸಿಗದ ಕೃಷಿಕ ಕುಟುಂಬಗಳು ನಿಲಯಗಳನ್ನು ಸಂಪರ್ಕಿಸುವುದು ಈಚೆಗೆ ಹೊಸದೇನಲ್ಲ, ಇಲಾಖೆಯೇ ವಿಚಾರಣೆ ನಡೆಸಿ ಮಾಡಿಸಿದ ಮದುವೆಗಳೂ ಇವೆ. ಅದು ಆಕೆಯ ನಿರ್ಧಾರ. ತರಬೇತಿಯ ಅರ್ಧದಲ್ಲಿ ಸಂಬಂಧ ಬಂದರೆ ಮಾತ್ರ, ಕಲಿಕೆ ಮುಗಿಯುವವರೆಗೆ ಕಾಯಲು ಅವರು ಸಿದ್ಧರೇ ಎಂದು ಕೇಳಿಸಿ. ಕಾಯಲು ಒಪ್ಪದವರ ಉತ್ತರದಿಂದಲೇ ಬಹಳಷ್ಟು ತಿಳಿಯುತ್ತದೆ.

ಇನ್ನು ಉಳಿದ ಕೆಲಸಗಳನ್ನು ನೋಡೋಣ. ಶಿವಮೊಗ್ಗ ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಕೆಲಸದಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಇರುತ್ತದೆ, ಸುತ್ತಲೂ ಹೆಂಗಸರೇ ಹೆಚ್ಚು. ಆದರೆ ಗಂಟೆಗಿಷ್ಟು ಪೀಸು ಎಂಬ ಒತ್ತಡ ಎಲ್ಲರಿಗೂ ಒಗ್ಗುವುದಿಲ್ಲ. ಹೊರಗುತ್ತಿಗೆಯ ಆಸ್ಪತ್ರೆ ಸ್ವಚ್ಛತಾ ಕೆಲಸ, ವಿದ್ಯಾರ್ಥಿ ನಿಲಯದ ಅಡುಗೆ ಸಹಾಯಕಿಯ ಕೆಲಸಗಳಲ್ಲಿ ಏಜೆನ್ಸಿಯವರು ಸಂಬಳವನ್ನು ತಿಂಗಳುಗಟ್ಟಲೆ ತಡಮಾಡುವುದುಂಟು. ಈಗಾಗಲೇ ಅಲ್ಲಿರುವವರನ್ನು ವಿಚಾರಿಸಿ ಸೇರಿಸಿ. ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕಗಳು ಹಳ್ಳಿಗಳಲ್ಲೂ ಇವೆ. ಕೆಲಸ ಬೇಗ ಕಲಿಯಬಹುದಾದರೂ ಕಾದ ಅಚ್ಚಿನ ನಡುವೆ ಹಾಳೆ ಇಟ್ಟು ತೆಗೆಯುವಾಗ ಕೈ ಸುಟ್ಟುಕೊಳ್ಳುವ ಅಪಾಯವಿದೆ, ಮಂಪರಿನ ಔಷಧಿ ತೆಗೆದುಕೊಳ್ಳುವವರಿಗೆ ಇದು ಬೇಡ.

ಅಡಿಕೆ ಸುಲಿತದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೇಳುವವರು ಹೆಚ್ಚು. ಮಳೆಗಾಲ ಕಳೆದ ಮೇಲೆ ಶುರುವಾಗಿ ಸಂಕ್ರಾಂತಿಯ ಆಚೆಗೂ ನಡೆಯುವ ಈ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದಷ್ಟಕ್ಕೆ ಅಳತೆಯ ಮೇಲೆ ಕೂಲಿ ಸಿಗುತ್ತದೆ. ಹೊಸಬರ ಬೆರಳು ಮೊದಲ ವಾರ ಕುಯ್ದುಕೊಳ್ಳುತ್ತದೆ, ಚೊಗರು ಹಿಡಿದು ಅಂಗೈ ಕಪ್ಪಾಗುತ್ತದೆ, ಕೈ ಕುದುರುವವರೆಗೆ ಕೂಲಿಯೂ ಕಡಿಮೆ. ಹತ್ತಾರು ಹೆಂಗಸರು ಮಾತಾಡುತ್ತ ಕೂರುವ ಆ ಜಗಲಿ, ಬಹಳ ದಿನ ಜನರೊಡನೆ ಬೆರೆಯದವರಿಗೆ ಒಳ್ಳೆಯ ಆರಂಭವಾಗಬಲ್ಲದು. ಆದರೆ ಇದು ವರ್ಷದಲ್ಲಿ ಕೆಲವೇ ತಿಂಗಳ ಕೆಲಸ, ಸುಲಿಯುವ ಯಂತ್ರಗಳು ಬಂದಮೇಲೆ ಇನ್ನೂ ಕಡಿಮೆಯಾಗಿದೆ, ರಾತ್ರಿ ಬಹಳ ಹೊತ್ತು ನಡೆಯುವುದರಿಂದ ನಿಲಯದ ಗೇಟಿನ ಹೊತ್ತಿಗೆ ಹೊಂದುವುದೂ ಇಲ್ಲ. ಅಭ್ಯಾಸಕ್ಕೆ ಸರಿ, ಇದನ್ನೇ ನಂಬಿ ನಿಲಯ ಬಿಡಿಸಬೇಡಿ. ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಕಾಡಂಚಿನಿಂದ ತರಗೆಲೆ ತರುವಂಥ ಕೂಲಿಗೆ ಕಳಿಸುವವರು ಮಂಗನ ಕಾಯಿಲೆಯನ್ನು ಮರೆಯಬಾರದು. ಆರೋಗ್ಯ ಇಲಾಖೆ ಕೊಡುವ, ಉಣುಗು ಕಚ್ಚದಂತೆ ತಡೆಯುವ ಎಣ್ಣೆ ಹಚ್ಚಿಯೇ ಹೋಗಬೇಕು.

ಕಲಿತು ಮಾಡುವ ಕೆಲಸವಾದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಇದೆ. ಜನ ಆರ್‌ಸೆಟಿ ಎನ್ನುತ್ತಾರೆ. 1982ರಲ್ಲಿ ಘಟ್ಟದ ಕೆಳಗಿನ ಉಜಿರೆಯಲ್ಲಿ ಹುಟ್ಟಿದ ಈ ಮಾದರಿ ಈಗ ದೇಶಕ್ಕೆಲ್ಲ ಹರಡಿದೆ. ಹೊಲಿಗೆ, ಆಹಾರ ತಯಾರಿಕೆ, ಹೈನುಗಾರಿಕೆಯಂಥ ತರಬೇತಿ ಊಟ-ವಸತಿ ಸಹಿತ ಉಚಿತ. ಗುಂಪಿನಲ್ಲಿ ದುಡಿಯುವ ಮಾದರಿ ನೋಡಬೇಕೆನ್ನುವವರು ಆಕೆಯನ್ನು ಒಂದು ದಿನ ಹೆಗ್ಗೋಡಿನ ಬಳಿ ಭೀಮನಕೋಣೆಯ ಚರಕ ಸಹಕಾರ ಸಂಘಕ್ಕೆ ಕರೆದೊಯ್ಯಬಹುದು. ಹಳ್ಳಿಯ ಹೆಂಗಸರು ಕೈಮಗ್ಗದ ಬಟ್ಟೆ ನೇಯ್ದು, ನಮ್ಮ ಅಡಿಕೆಯ ಚೊಗರಿನಂಥ ಸಹಜ ಬಣ್ಣ ಹಾಕಿ, ಉಡುಪು ಹೊಲಿಯುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

6. ನಿಲಯದಲ್ಲಿದ್ದುಕೊಂಡೇ ಕೆಲಸಕ್ಕೆ ಹೋಗಲಿ

ಕೆಲಸ ಮತ್ತು ವಸತಿ ಎರಡನ್ನೂ ಒಂದೇ ಸಲ ಬದಲಿಸಬೇಡಿ. ಮೊದಲ ಕೆಲವು ತಿಂಗಳು ಆಕೆ ನಿಲಯದಿಂದಲೇ ಹೋಗಿಬರುವಂತೆ ಅಧೀಕ್ಷಕಿಯವರಲ್ಲಿ ಲಿಖಿತ ಅನುಮತಿ ಪಡೆಯಿರಿ. ಇಲ್ಲಿ ಯೋಜನೆ ಕೆಡುವುದು ತೀರ ಸಣ್ಣ ಸಂಗತಿಗಳಿಂದ. ನಿಲಯದಲ್ಲಿ ತಿಂಡಿ ಆಗುವುದು ಎಂಟು ಗಂಟೆಗೆ, ಕಂಪನಿಯ ಬಸ್ಸು ಹೊರಡುವುದು ಅದಕ್ಕಿಂತ ಮೊದಲು. ಮೂರು ದಿನ ಹಸಿದ ಹೊಟ್ಟೆಯಲ್ಲಿ ಹೋದವಳು ನಾಲ್ಕನೇ ದಿನ ಏಳುವುದಿಲ್ಲ, ‘ಅವಳಿಗೆ ಆಸಕ್ತಿಯಿಲ್ಲ’ ಎಂಬ ಷರಾ ಬೀಳುತ್ತದೆ. ಹಿಂದಿನ ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿ ಕಟ್ಟಿಕೊಳ್ಳಲು ಅಡುಗೆಮನೆಯ ಬಾಗಿಲು ಬೇಗ ತೆಗೆದರೆ ಈ ಸಮಸ್ಯೆ ಮುಗಿಯಿತು. ಅದನ್ನು ಮೊದಲೇ ಮಾತಾಡಿ. ಸಂಜೆ ಬಸ್ಸು ತಡವಾದರೆ ಗೇಟಿನಲ್ಲಿ ಬೈಗುಳ ಬೀಳದಂತೆಯೂ ನೋಡಿಕೊಳ್ಳಿ.

ಬಸ್ಸಿನ ಲೆಕ್ಕವನ್ನೂ ಹಾಕಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆಯ ಎಷ್ಟೋ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಆದ್ದರಿಂದ ಅಲ್ಲಿ ಕೂಲಿಯ ಒಂದು ಪಾಲು ಟಿಕೆಟಿಗೆ ಹೋಗುತ್ತದೆ. ಮೊದಲ ದಿನಗಳಲ್ಲಿ ನೀವೂ ಜೊತೆಗೆ ಹೋಗಿ, ಆಮೇಲೆ ಸ್ಟಾಪಿನವರೆಗೆ, ಆಮೇಲೆ ಗೇಟಿನವರೆಗೆ. ಚಿಕ್ಕ ಮಗುವಿದ್ದರೆ ಅಂಗನವಾಡಿ ಅಥವಾ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ ಮುಚ್ಚುವ ಹೊತ್ತನ್ನು ಕೆಲಸದ ಹೊತ್ತಿಗೆ ತಾಳೆ ನೋಡಿ.

7. ಸಂಬಳ ಆಕೆಯ ಕೈಯಲ್ಲಿರಲಿ

ಮೊದಲ ಸಂಬಳ ಬಂದ ದಿನ ಎಟಿಎಂಗೆ ಜೊತೆಗೆ ಹೋಗಿ, ಆದರೆ ಪಿನ್ ಒತ್ತುವಾಗ ನೀವು ಹಿಂದೆ ಸರಿದು ನಿಲ್ಲಿ. ಆ ಹಣದಲ್ಲಿ ಆಕೆ ಒಂದು ಚೂಡಿದಾರವನ್ನೋ ಮಲ್ಲಿಗೆ ಮಾಲೆಯನ್ನೋ ಕೊಂಡರೆ ಉಳಿತಾಯದ ಉಪದೇಶ ಬೇಡ. ಎರಡನೇ ತಿಂಗಳಿಂದ ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಯ ಬಗ್ಗೆ ಮಾತನಾಡಿದರಾಯಿತು.

ಸಂಬಳ ಚೀಟಿಯನ್ನು ಓದಿಸಿ ತೋರಿಸಿ: ಕನಿಷ್ಠ ವೇತನಕ್ಕಿಂತ ಕಡಿಮೆಯಿಲ್ಲವಷ್ಟೆ, ಪಿಎಫ್ ಕಡಿತವಾದದ್ದು ಆಕೆಯ ಪಿಎಫ್ ಗುರುತಿನ ಸಂಖ್ಯೆಯಾದ ಯುಎಎನ್‌ಗೆ ಜಮೆಯಾಗಿದೆಯೇ, ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ವ್ಯಾಪ್ತಿಯ ಸಂಸ್ಥೆಯಾಗಿದ್ದರೆ ವಿಮಾ ಸಂಖ್ಯೆ ಕೊಟ್ಟಿದ್ದಾರೆಯೇ. ದುಡಿಮೆ ಶುರುವಾದ ಸುದ್ದಿ ಊರಿಗೆ ಮುಟ್ಟಿದೊಡನೆ, ವರ್ಷಗಳಿಂದ ತಿರುಗಿ ನೋಡದ ಬಂಧುಗಳು ಸಾಲ ಕೇಳಿಕೊಂಡು ಬರುವುದುಂಟು. ‘ಹಣ ಆರ್‌ಡಿಯಲ್ಲಿದೆ, ತೆಗೆಯೋಕೆ ಬರಲ್ಲ’ ಎಂಬ ಒಂದು ವಾಕ್ಯವನ್ನು ಆಕೆಗೆ ಮೊದಲೇ ಹೇಳಿಕೊಟ್ಟಿರಿ. ಸಾಲ ನಿರಾಕರಿಸಲು ನೇರವಾದ ‘ಇಲ್ಲ’ ಬಾಯಿಗೆ ಬಾರದವರಿಗೆ ಇದು ಸಾಕಾಗುತ್ತದೆ.

ಕೆಲಸದ ಜಾಗದಲ್ಲಿ ಕಿರುಕುಳವಾದರೆ, ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿಗೆ, ಉಳಿದೆಡೆ ಮತ್ತು ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ, 2013ರ ಕಾಯ್ದೆಯಂತೆ ಮೂರು ತಿಂಗಳೊಳಗೆ ದೂರು ಕೊಡಬೇಕು.

8. ಸ್ವಂತ ಉದ್ಯೋಗ

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಹೊಲಿಗೆ ಅಂಗಡಿ ಎಂದು ಹಿತೈಷಿಗಳು ಮೊದಲ ದಿನವೇ ಉತ್ಸಾಹ ತೋರಿಸುತ್ತಾರೆ. ಮಿಡಿ ಬರುವುದು ವರ್ಷಕ್ಕೊಮ್ಮೆ, ಅದಕ್ಕೆ ಬಂಡವಾಳ ಒಮ್ಮೆಗೇ ಹಾಕಬೇಕು, ಮಾರಾಟವಾಗಿ ದುಡ್ಡು ತಿರುಗಲು ತಿಂಗಳುಗಳು ಬೇಕು. ಹಾಗಾಗಿ ಒಂದು ವರ್ಷವಾದರೂ ಸಂಬಳದ ಕೆಲಸ ಮಾಡಿದ ಮೇಲೆ ಈ ಕಡೆ ನೋಡುವುದು ಲೇಸು. ಆಗ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ: ಬ್ಯಾಂಕಿನ ಮೂಲಕ 3 ಲಕ್ಷ ರೂಪಾಯಿವರೆಗೆ ಸಾಲ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50, ಇತರರಿಗೆ ಶೇ. 30ರಷ್ಟು ಸಹಾಯಧನ. ಸಹಾಯಧನ ಬಿಟ್ಟು ಉಳಿದದ್ದು ತೀರಿಸಬೇಕಾದ ಸಾಲವೇ ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು. ತಿಂಗಳ ಕಂತು ಎಷ್ಟಾಗುತ್ತದೆಂದು ಹಾಳೆಯಲ್ಲಿ ಬರೆದು ತೋರಿಸಿ. ಸಂಘದ ಸಾಲಕ್ಕೂ ಇದೇ ಮಾತು, ಅಲ್ಲಿ ವಾರದ ಕಂತು ತಪ್ಪಿದರೆ ಗುಂಪಿನ ಎಲ್ಲರೂ ಬಾಗಿಲಿಗೆ ಬರುತ್ತಾರೆ.

9. ನಿಲಯ ಬಿಡುವಾಗ

ಸಂಬಳ ಕೆಲವು ತಿಂಗಳು ತಪ್ಪದೆ ಬಂದು, ಮೂರು ತಿಂಗಳ ಖರ್ಚಿನಷ್ಟು ಹಣ ಕೂಡಿದ ಮೇಲೆ ವಸತಿ ಬದಲಿಸಬಹುದು. ಸಖಿ ನಿವಾಸದಲ್ಲಿ ಜಾಗವಿದ್ದರೆ ಅದು ಮೊದಲ ಆಯ್ಕೆ. ಬಾಡಿಗೆ ಮನೆಯಾದರೆ ಒಂಟಿ ಹೆಂಗಸಿಗೆ ಕೊಡುವುದಿಲ್ಲವೆನ್ನುವ ಮಾಲೀಕರೇ ಹೆಚ್ಚು. ಕೆಲಸದ ಜಾಗದ ಇನ್ನಿಬ್ಬರು ಸೇರಿ ಹಿಡಿಯುವುದು ಸುಲಭ, ಅಡ್ವಾನ್ಸೂ ಹಂಚಿಹೋಗುತ್ತದೆ. ಕರಾರು ಆಕೆಯ ಹೆಸರಿನಲ್ಲೂ ಇರಲಿ, ಮುಂದೆ ವಿಳಾಸ ಬದಲಿಸಲು ಅದು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆ ಬದಲಿಸಬೇಡಿ. ಬೇಸಿಗೆಯಲ್ಲಿ ಚೆನ್ನಾಗಿ ಕಂಡ ಹೆಂಚಿನ ಮನೆ ಎಲ್ಲೆಲ್ಲಿ ಸೋರುತ್ತದೆಂದು ಒಂದು ಮಳೆಗಾಲದಲ್ಲಿ ಹೋಗಿ ನೋಡಿಬಂದರೆ ಇನ್ನೂ ಒಳ್ಳೆಯದು.

ಹೊರಡುವ ಮುನ್ನ ಒಂದು ಸಂಕಷ್ಟದ ಯೋಜನೆಯನ್ನು ಆಕೆಯೊಂದಿಗೇ ಕೂತು ಬರೆಯಿರಿ: ಕೆಲಸ ಹೋದರೆ ಮೊದಲು ಯಾರಿಗೆ ಫೋನ್ ಮಾಡುವುದು, ನಿದ್ದೆಗೆಡತೊಡಗಿದರೆ ಯಾವ ಆಸ್ಪತ್ರೆಗೆ ಹೋಗುವುದು, ಹಳೆಯ ಗಂಡ ಬಾಗಿಲಿಗೆ ಬಂದರೆ ಏನು ಮಾಡುವುದು. ಮತ್ತೆ ನಿಲಯಕ್ಕೆ ಬರಬೇಕಾದರೆ ದಾರಿ ಏನೆಂದು ಅಧೀಕ್ಷಕಿಯವರಿಂದಲೇ ಆಕೆಯೆದುರು ಹೇಳಿಸಿ. ಬಿಡುಗಡೆ ಆದೇಶದ ದೃಢೀಕೃತ ಪ್ರತಿ, ವೈದ್ಯಕೀಯ ಕಡತದ ಪ್ರತಿ, ತರಬೇತಿ ಪ್ರಮಾಣಪತ್ರ ಇವುಗಳ ಎರಡು ಸೆಟ್ ಮಾಡಿಸಿ. ಒಂದನ್ನು ಆಕೆ ತನ್ನ ಬಳಿ ಇಟ್ಟುಕೊಳ್ಳಲಿ. ಇನ್ನೊಂದು ಯಾರ ಬಳಿ ಇರಬೇಕೆಂದು ಆಕೆಯೇ ಹೇಳಲಿ. ಅದು ನೀವೇ ಆಗಿರಬೇಕೆಂದೇನಿಲ್ಲ.